ಕಿತ್ತೂರ ರಾಣಿ ಚೆನ್ನಮ್ಮನ ಉತ್ತರವಯಸ್ಸು: ವಿಯೋಗ, ಸೆರೆ ಮತ್ತು ಮರಣಗಳ ಒಂದು ವಿವೇಚನೆ

೧

ಕಿತ್ತೂರಿನ ಇತಿಹಾಸವನ್ನು ಪಾಠ ಹೇಳುವಾಗ ಈ ಲೇಖಕನು ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆಯನ್ನು ಕೇಳುವ ರೂಢಿಯನ್ನಿಟ್ಟುಕೊಂಡಿದ್ದಾನೆ: ೧೮೨೪ನೆಯ ಇಸವಿಯ ಅಕ್ಟೋಬರ ೨೩ರಂದು ರಾಣಿ ಚೆನ್ನಮ್ಮನ ವಯಸ್ಸೆಷ್ಟಿದ್ದಿತು? ಇಪ್ಪತ್ತೈದೆಂದು ಕೆಲವರು, ಮೂವತ್ತೆಂದು ಕೆಲವರು ಉತ್ತರಿಸುತ್ತಾರೆ. ಅದಕ್ಕೂ ಹೆಚ್ಚು ಹೇಳುವವರು ವಿರಳ. ಚೆನ್ನಮ್ಮನು ಬೆಳಗಾವಿಯ ಹತ್ತಿರದ ಕಾಕತಿಯಲ್ಲಿ ೧೭೭೮ರಲ್ಲಿ ಜನಿಸಿದಳೆಂಬುದು ಸಾಮಾನ್ಯವಾಗಿ ಒಪ್ಪಲ್ಪಟ್ಟ ಸಂಗತಿ. ಅಂದಮೇಲೆ ಕಿತ್ತೂರ ಕೋಟೆಯ ಬಾಗಿಲು ತೆರೆದು ಕುಂಪಣಿಯ ದಂಡನ್ನು ಎದುರಿಸಿದ ದಿನ ಆಕೆಗೆ ಸುಮಾರು ನಾಲ್ವತ್ತಾರು ವರ್ಷ. ಆಕೆ ಆಗಲೇ ಗಂಡನನ್ನು ಕಳೆದುಕೊಂಡಿದ್ದಳು, ಮಕ್ಕಳ ಸಾವನ್ನು ಕಂಡಿದ್ದಳು, ಮನೆಯಲ್ಲಿ ವಿಧವೆಯರಾದ ಎಳೆಯ ಸೊಸೆಯಂದಿರನ್ನು ಇಟ್ಟುಕೊಂಡಿದ್ದಳು.

ವಿದ್ಯಾರ್ಥಿಗಳ ಉತ್ತರ ತಪ್ಪಾದರೂ ಅದಕ್ಕೆ ಕಾರಣವಿಲ್ಲದಿಲ್ಲ. ಹುಬ್ಬಳ್ಳಿಯ ವೃತ್ತದಲ್ಲಿ ನಾವು ಕಾಣುವ ಚೆನ್ನಮ್ಮನು ಕುದುರೆಯೇರಿದ ತರುಣಿ. ೧೯೬೧ರ ಚಲನಚಿತ್ರದಲ್ಲಿ ಆಕೆಯ ಪಾತ್ರವನ್ನು ವಹಿಸಿದ ಬಿ. ಸರೋಜಾದೇವಿಯವರಿಗೆ ಆಗ ಇಪ್ಪತ್ತಮೂರರ ಪ್ರಾಯ. ಜನತೆಯು ತನ್ನ ವೀರರಿಗೆ ಮುಪ್ಪನ್ನು ಕೊಡಲೊಲ್ಲದು. ಇದು ಸ್ವಾಭಾವಿಕವಾದರೂ ಇತಿಹಾಸದ ವಿದ್ಯಾರ್ಥಿಗೆ ಇದರಿಂದ ಒಂದು ನಷ್ಟವುಂಟು. ಚೆನ್ನಮ್ಮನ ಚರಿತ್ರೆಯನ್ನು ನಾವು ೧೮೨೪ರ ಡಿಸೆಂಬರದಲ್ಲಿ ಕೋಟೆ ಬಿದ್ದಲ್ಲಿಗೆ ಮುಗಿಸಿಬಿಡುತ್ತೇವೆ. ಆ ಮೇಲೆ ನಾಲ್ಕು ವರ್ಷಕ್ಕೂ ಮಿಕ್ಕಿ ಆಕೆ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿ ಬಾಳಿದಳೆಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿ ಸಮಾಧಿಯ ಬಳಿಗೆ ಹೋಗುತ್ತೇವೆ. ಆಕೆಯನ್ನು ಪ್ರೌಢಳಾದ, ವಯಸ್ಸಾಗುತ್ತಿದ್ದ, ಮರಣದೊಡನೆ ಮೇಲಿಂದ ಮೇಲೆ ಮುಖಾಮುಖಿಯಾದ ವ್ಯಕ್ತಿಯೆಂದು ನೋಡಿದರೆ ಆಕೆಯ ಕೃತಿಗಳ ಅರ್ಥವು ಎಷ್ಟು ಮಟ್ಟಿಗೆ ಬದಲಾಗುತ್ತದೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

೨

ಇಲ್ಲಿ ಮೊದಲೇ ಒಂದು ಆಕ್ಷೇಪಣೆಗೆ ಸಮಾಧಾನ ಹೇಳಬೇಕು. ಸತ್ತವರ ಮನಸ್ಸನ್ನು ಅಳೆಯುವುದು ಇತಿಹಾಸಕಾರನ ಕೆಲಸವೇ? ಚೆನ್ನಮ್ಮನು ದಿನಚರಿಯನ್ನಾಗಲಿ ಆತ್ಮವೃತ್ತವನ್ನಾಗಲಿ ಬಿಟ್ಟುಹೋದವಳಲ್ಲ. ಆಕೆಯ ಕುರಿತಾದ ಸರಕಾರಿ ಕಾಗದಪತ್ರಗಳು ಬಹುತೇಕ ವಿರೋಧಿಗಳ ಕೈಯಿಂದ ಬಂದವು. ಲಾವಣಿಗಳು ಅಭಿಮಾನಿಗಳ ಬಾಯಿಂದ ಬಂದವು. ಆದುದರಿಂದ ಆಕೆಯ ಅಂತರಂಗವನ್ನು ನೇರವಾಗಿ ಓದಿದೆನೆಂದು ಯಾರೂ ಹೇಳಲಾರರು. ಆದರೆ ಕೃತಿಗಳನ್ನು ಓದಬಹುದು. ಯಾವ ವಯಸ್ಸಿನಲ್ಲಿ, ಯಾವ ನಷ್ಟದ ಬಳಿಕ, ಯಾವ ದಾರಿಗಳು ತೆರೆದಿದ್ದಾಗ, ಆಕೆ ಯಾವುದನ್ನು ಆರಿಸಿಕೊಂಡಳು ಎಂಬುದು ದಾಖಲೆಗಳಿಂದ ತಿಳಿಯುವ ವಿಷಯ.

ಮನಃಶಾಸ್ತ್ರವು ಬಹುಕಾಲದವರೆಗೆ ಬಾಲ್ಯವೊಂದನ್ನೇ ಬೆಳವಣಿಗೆಯ ಕಾಲವೆಂದು ಎಣಿಸಿತ್ತು. ಎರಿಕ್ ಎರಿಕ್‌ಸನ್ ಎಂಬ ವಿದ್ವಾಂಸನು ೧೯೫೦ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಮನುಷ್ಯನ ಆಯುಷ್ಯವನ್ನು ಎಂಟು ಹಂತಗಳಾಗಿ ವಿಂಗಡಿಸಿ, ಕೊನೆಯ ಮೂರು ಹಂತಗಳನ್ನು ಪ್ರೌಢಜೀವನಕ್ಕೆ ಮೀಸಲಿಟ್ಟನು. ಏಳನೆಯದಾದ ನಡುವಯಸ್ಸಿನಲ್ಲಿ ಮನುಷ್ಯನ ಮುಂದಿರುವ ಪ್ರಶ್ನೆ, ಮುಂದಿನ ಪೀಳಿಗೆಯನ್ನು ಪೋಷಿಸುವ ಹೊಣೆಯನ್ನು ಹೊರುವುದೋ, ತನ್ನೊಳಗೇ ಜಡವಾಗಿ ನಿಲ್ಲುವುದೋ ಎಂಬುದು. ಎಂಟನೆಯದಾದ ಮುಪ್ಪಿನಲ್ಲಿ, ಆಗಿಹೋದ ಬಾಳನ್ನು ತನ್ನದೆಂದು ಸಮಗ್ರವಾಗಿ ಒಪ್ಪಿಕೊಳ್ಳುವುದೋ, ಹತಾಶೆಗೆ ಒಳಗಾಗುವುದೋ ಎಂಬುದು. ಇದೇ ಎರಿಕ್‌ಸನ್ನನು ೧೯೬೯ರಲ್ಲಿ ಗಾಂಧೀಜಿಯವರನ್ನು ಕುರಿತು ಬರೆಯುವಾಗ ಅವರ ಬಾಲ್ಯಕ್ಕಿಂತ ಹೆಚ್ಚಾಗಿ ೧೯೧೮ರ ಅಹಮದಾಬಾದಿನ ಗಿರಣಿ ಮುಷ್ಕರವನ್ನು ಕೇಂದ್ರವಾಗಿಟ್ಟುಕೊಂಡನು. ಆಗ ಗಾಂಧೀಜಿಯವರಿಗೆ ನಾಲ್ವತ್ತೆಂಟು ವರ್ಷ. ನಡುವಯಸ್ಸಿನಲ್ಲಿಯೇ ಒಬ್ಬ ವ್ಯಕ್ತಿಯ ಐತಿಹಾಸಿಕ ಕರ್ತವ್ಯವು ರೂಪುಗೊಳ್ಳಬಹುದೆಂಬುದಕ್ಕೆ ಅದೊಂದು ನಿದರ್ಶನ. ಕಿತ್ತೂರಿನದೂ ಇಂಥದೇ ನಿದರ್ಶನವೆಂಬುದು ನಮ್ಮ ಅಭಿಪ್ರಾಯ.

ಆದರೆ ಎಚ್ಚರಿಕೆಯೂ ಬೇಕು. ಇಪ್ಪತ್ತನೆಯ ಶತಮಾನದ ಪಶ್ಚಿಮ ದೇಶದ ನಡುವಯಸ್ಸೂ ಹತ್ತೊಂಬತ್ತನೆಯ ಶತಮಾನದ ಮಲಪ್ರಭಾ ತೀರದ ನಡುವಯಸ್ಸೂ ಒಂದೇ ಅಲ್ಲ. ಶಿಶುಮರಣವೂ ಸಾಂಕ್ರಾಮಿಕ ರೋಗಗಳೂ ಅತಿಯಾಗಿದ್ದ ಅಂದಿನ ಸಮಾಜದಲ್ಲಿ ಸಾವು ಮನೆಯ ನಿತ್ಯದ ಅತಿಥಿಯಾಗಿತ್ತು. ನಾಲ್ವತ್ತಾರು ವರ್ಷದ ಹೆಣ್ಣುಮಗಳು ಆ ಕಾಲದ ಕಣ್ಣಿನಲ್ಲಿ ಮನೆಯ ಹಿರಿಯಳು. ಅವ್ವ ಎನ್ನಿಸಿಕೊಳ್ಳುವ ವಯಸ್ಸಿನವಳು.

೩

ಚೆನ್ನಮ್ಮನ ಪತಿ ಮಲ್ಲಸರ್ಜ ದೇಸಾಯಿಯು ತನ್ನ ಜೀವಮಾನದಲ್ಲಿ ಎರಡು ಸಲ ಸೆರೆಯನ್ನು ಕಂಡವನು. ತಾರುಣ್ಯದಲ್ಲಿ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದನು. ಮುಂದೆ ಪೇಶ್ವೆ ಎರಡನೆಯ ಬಾಜೀರಾಯನೊಡನೆ ವರ್ಷಕ್ಕೆ ೧,೭೫,೦೦೦ ರೂಪಾಯಿಗಳ ಕಾಣಿಕೆಯ ಒಪ್ಪಂದವಾಗಿದ್ದರೂ, ಪುಣೆಯಲ್ಲಿ ಪೇಶ್ವೆಯ ಹಿಡಿತದಲ್ಲಿ ಸಿಲುಕಿ, ರೋಗಿಷ್ಠನಾಗಿ ಊರಿಗೆ ಮರಳುವ ಕಾಲದಲ್ಲಿ ೧೮೧೬ರಲ್ಲಿ ತೀರಿಕೊಂಡನು. ಆಗ ಚೆನ್ನಮ್ಮನಿಗೆ ಮೂವತ್ತೆಂಟರ ಸುಮಾರು. ಹಿರಿಯ ರಾಣಿ ರುದ್ರಮ್ಮನ ಮಗನಾದ ಶಿವಲಿಂಗರುದ್ರಸರ್ಜನು ಪಟ್ಟಕ್ಕೆ ಬಂದನು. ೧೮೧೮ರಲ್ಲಿ ಪೇಶ್ವೆಯ ರಾಜ್ಯ ಮುಳುಗಿದಾಗ ಕಿತ್ತೂರು ಇಂಗ್ಲಿಷರಿಗೆ ನೆರವಾಗಿ ತನ್ನ ಸಂಸ್ಥಾನವನ್ನು ಉಳಿಸಿಕೊಂಡಿತು. ಆದರೆ ಮನೆಯೊಳಗಿನ ಮೃತ್ಯುವು ನಿಲ್ಲಲಿಲ್ಲ. ಚೆನ್ನಮ್ಮನ ಹೊಟ್ಟೆಯ ಮಗನು ಬದುಕಿ ಬಾಳಲಿಲ್ಲ; ೧೮೨೪ರ ಸೆಪ್ಟೆಂಬರದಲ್ಲಿ ಶಿವಲಿಂಗರುದ್ರಸರ್ಜನೂ ಸಂತಾನವಿಲ್ಲದೆ ಮಡಿದನು.

ಒಂದು ದಶಕವೂ ತುಂಬುವ ಮೊದಲೇ ಗಂಡ, ಮಗ, ಮಲಮಗ ಎಲ್ಲರನ್ನೂ ಕಳೆದುಕೊಂಡ ಹೆಣ್ಣಿಗೆ ಅಂದಿನ ಸಮಾಜದಲ್ಲಿ ತೆರೆದಿದ್ದ ದಾರಿಗಳು ಯಾವುವು? ಸಹಗಮನದ ಸಂಪ್ರದಾಯವು ಕನ್ನಡನಾಡಿಗೆ ಅಪರಿಚಿತವಾದುದೇನಲ್ಲ. ನಮ್ಮ ಊರುಗಳ ಹೊರವಲಯದಲ್ಲಿ ನಿಂತಿರುವ ಮಾಸ್ತಿಕಲ್ಲುಗಳು ಅದಕ್ಕೆ ಸಾಕ್ಷಿ. ಪೇಶ್ವೆಯರ ಮನೆತನದಲ್ಲಿಯೇ ಮಾಧವರಾಯನ ಪತ್ನಿ ರಮಾಬಾಯಿಯು ೧೭೭೨ರಲ್ಲಿ ಚಿತೆಯೇರಿದ್ದಳು. ಬೆಂಟಿಂಕನ ನಿಷೇಧ ಬಂದುದು ೧೮೨೯ರ ಡಿಸೆಂಬರದಲ್ಲಿ, ಎಂದರೆ ಚೆನ್ನಮ್ಮನ ಮರಣದ ತರುವಾಯ. ಆದರೆ ವೀರಶೈವ ಮನೆತನದ ಆಚಾರ ಬೇರೆ. ಅಲ್ಲಿ ಶವವನ್ನು ಸುಡುವುದಿಲ್ಲ, ಸಮಾಧಿ ಮಾಡುತ್ತಾರೆ. ವಿಧವೆಯ ಎದುರಿಗೆ ಚಿತೆಯ ಪ್ರಶ್ನೆಯೇ ಬರುವುದಿಲ್ಲ. ಉಳಿದುದು ಎರಡು ದಾರಿಗಳು: ಲೋಕದಿಂದ ಹಿಂದೆಗೆದು ಪೂಜೆಯಲ್ಲಿ ಕಾಲ ಕಳೆಯುವುದು, ಅಥವಾ ಮನೆತನದ ಹೊಣೆಯನ್ನು ಹೊರುವುದು. ಚೆನ್ನಮ್ಮನು ಎರಡನೆಯದನ್ನು ಆರಿಸಿಕೊಂಡಳು.

೪

ಈ ಆಯ್ಕೆಯ ಮುಖ್ಯ ಕುರುಹು ದತ್ತಕ. ಶಿವಲಿಂಗರುದ್ರಸರ್ಜನು ಮರಣಶಯ್ಯೆಯಲ್ಲಿದ್ದಾಗ ಮಾಸ್ತಮರಡಿಯ ಗೌಡರ ಮನೆಯ ಹುಡುಗನಾದ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡುದಾಗಿ ಧಾರವಾಡದ ಕಲೆಕ್ಟರ ಥ್ಯಾಕರೆಗೆ ತಿಳಿಸಲಾಯಿತು. ಥ್ಯಾಕರೆಯು ಇದನ್ನು ನಂಬಲಿಲ್ಲ. ಪತ್ರದ ಮೇಲಿನ ಸಹಿಯು ಸಾಯುತ್ತಿದ್ದವನ ಕೈಯದೇ ಅಲ್ಲವೇ ಎಂಬುದು ಅವನ ಸಂದೇಹ. ಸರಕಾರದ ಪೂರ್ವಾನುಮತಿಯಿಲ್ಲದ ದತ್ತಕವು ಸಲ್ಲದೆಂಬುದು ಅವನ ನಿಲುವು. ಅವನು ಖಜಾನೆಗೆ ಮುದ್ರೆ ಹಾಕಿಸಿ ಕಾವಲಿಟ್ಟನು.

ಈ ವಿವಾದದ ಕಾಯಿದೆಯ ಭಾಗವನ್ನು ಇತಿಹಾಸಕಾರರು ವಿಸ್ತಾರವಾಗಿ ಚರ್ಚಿಸಿದ್ದಾರೆ. ದಾಲ್‌ಹೌಸಿಯು ೧೮೪೮ರ ತರುವಾಯ ಪ್ರಸಿದ್ಧಿಗೆ ತಂದ ದತ್ತಕ ನಿರಾಕರಣದ ನೀತಿಯು ಕಾಲು ಶತಮಾನದಷ್ಟು ಮೊದಲೇ ಕಿತ್ತೂರಿನಲ್ಲಿ ಪ್ರಯೋಗವಾಯಿತೆಂಬುದನ್ನು ತೋರಿಸಿದ್ದಾರೆ. ರಾಮದುರ್ಗದ ದಾಯಾದಿ ಸಂಸ್ಥಾನವಾದ ನರಗುಂದದ ಬಾಬಾಸಾಹೇಬನು ೧೮೫೮ರಲ್ಲಿ ದಂಗೆಯೆದ್ದುದಕ್ಕೂ ದತ್ತಕದ ನಿರಾಕರಣೆಯೇ ಮೂಲವಾಯಿತು. ಆದರೆ ದತ್ತಕವೆಂಬುದು ಬರಿಯ ಆಸ್ತಿಯ ಹಕ್ಕಲ್ಲ. ಅದು ಮರಣಕ್ಕೆ ನಮ್ಮ ಸಮಾಜವು ಕೊಟ್ಟ ಉತ್ತರಗಳಲ್ಲಿ ಒಂದು. ಸತ್ತವನ ಹೆಸರು ಉಳಿಯಬೇಕು, ಮನೆಯ ದೀಪ ಆರಬಾರದು, ಉಳಿದ ಹೆಂಗಸರು ದಿಕ್ಕಿಲ್ಲದವರಾಗಬಾರದು ಎಂಬ ಮೂರೂ ಅಪೇಕ್ಷೆಗಳು ಅದರಲ್ಲಿ ಅಡಕವಾಗಿವೆ. ಥ್ಯಾಕರೆಯು ಕಾಗದದ ಸಹಿಯನ್ನು ನೋಡಿದನು. ಅಂತಃಪುರವು ಅದೇ ಕಾಗದದಲ್ಲಿ ಸಾವಿನ ಮನೆಯು ಮತ್ತೆ ಬಾಳುವ ಮನೆಯಾಗುವ ಒಂದೇ ದಾರಿಯನ್ನು ಕಂಡಿತು. ದತ್ತಕವನ್ನು ಅಲ್ಲಗಳೆದಾಗ ಕುಂಪಣಿ ಸರಕಾರವು ಒಂದು ಸಂಸ್ಥಾನವನ್ನು ಕಸಿದುಕೊಂಡುದಲ್ಲದೆ ಒಂದು ಮನೆತನಕ್ಕೆ ದುಃಖವನ್ನು ಮುಗಿಸುವ ಹಾದಿಯನ್ನೇ ಮುಚ್ಚಿತು. ಚೆನ್ನಮ್ಮನ ಪ್ರತಿಭಟನೆಯ ತೀವ್ರತೆಗೆ ಇದು ಒಂದು ಮುಖ್ಯ ಕಾರಣವಾಗಿರಬೇಕು. ಹಡೆಯದ ಮಗುವಿಗಾಗಿ, ತನ್ನ ರಕ್ತಸಂಬಂಧವಿಲ್ಲದ ಉತ್ತರಾಧಿಕಾರಿಗಾಗಿ ಆಕೆ ಹೋರಾಡಿದಳೆಂಬುದನ್ನು ಗಮನಿಸಿದರೆ, ಎರಿಕ್‌ಸನ್ನನು ಹೇಳುವ ಪೋಷಕಭಾವಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯುವುದು ಕಷ್ಟ.

೫

ಅಕ್ಟೋಬರ ೨೩ರ ಕಾಳಗದಲ್ಲಿ ಥ್ಯಾಕರೆಯೂ ಅವನ ಕೆಲವರು ಸೇನಾಧಿಕಾರಿಗಳೂ ಮಡಿದರು. ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಕಿತ್ತೂರಿನವರ ಸೆರೆಯಾದರು. ರಾಣಿಯು ಅವರನ್ನು ಕೊಲ್ಲಿಸಲಿಲ್ಲ, ಪೀಡಿಸಲಿಲ್ಲ. ಸಂಧಾನದ ಮಾತುಕತೆಗಳ ಬಳಿಕ ಡಿಸೆಂಬರದ ಆರಂಭದಲ್ಲಿ ಬಿಡುಗಡೆ ಮಾಡಿದಳು. ಬಿಡುಗಡೆಯ ಹಿಂದೆ ರಾಜಕೀಯ ಲೆಕ್ಕಾಚಾರವಿದ್ದಿತೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೂ ಆರು ವಾರಗಳ ಉದ್ರೇಕದ ನಡುವೆ ಸೆರೆಯಾಳುಗಳ ಪ್ರಾಣವನ್ನು ಕಾಯುವುದಕ್ಕೆ ಸಂಯಮ ಬೇಕು. ಸಾವನ್ನು ಮನೆಯೊಳಗೇ ಪದೇ ಪದೇ ಕಂಡವಳು ಇನ್ನೊಬ್ಬರ ಸಾವನ್ನು ಹಗುರವಾಗಿ ಎಣಿಸಲಿಲ್ಲವೆಂಬಷ್ಟನ್ನು ಕೃತಿಯೇ ಹೇಳುತ್ತದೆ.

ಸೆರೆಸಿಕ್ಕ ಎಲಿಯಟನು ಆಗ ಇಪ್ಪತ್ತೊಂದು ವರ್ಷದ ತರುಣ. ಇವನೇ ಮುಂದೆ ಸರ್ ವಾಲ್ಟರ್ ಎಲಿಯಟ್ ಎಂದು ಪ್ರಸಿದ್ಧನಾಗಿ, ಕನ್ನಡನಾಡಿನ ಶಾಸನಗಳ ನೂರಾರು ಪ್ರತಿಗಳನ್ನು ಸಂಗ್ರಹಿಸಿದವನು. ಕರ್ನಾಟಕದ ಶಾಸನಾಧ್ಯಯನವು ಅವನಿಗೆ ಋಣಿಯಾಗಿದೆ. ಅವನು ಎಂಬತ್ತನಾಲ್ಕು ವರ್ಷ ಬಾಳಿದನು. ಮುಪ್ಪಿನಲ್ಲಿ ಕಣ್ಣಿನ ದೃಷ್ಟಿ ಬಹುಮಟ್ಟಿಗೆ ನಷ್ಟವಾದರೂ ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತ ಗ್ರಂಥವನ್ನು ಸಿದ್ಧಪಡಿಸಿ, ೧೮೮೭ರಲ್ಲಿ ಸ್ಕಾಟ್ಲಂಡಿನ ತನ್ನ ಮನೆಯಲ್ಲಿ ನಿಧನನಾದನು. ಸೆರೆಹಿಡಿದವಳು ಐವತ್ತರ ಆಸುಪಾಸಿನಲ್ಲಿ ಸೆರೆಯಲ್ಲಿಯೇ ಸತ್ತಳು. ಸೆರೆಯಾಗಿದ್ದವನು ಗೌರವದ ದೀರ್ಘ ವಾರ್ಧಕ್ಯವನ್ನು ಉಂಡನು. ಮುಪ್ಪೆಂಬುದು ಪ್ರಕೃತಿಯ ಕೊಡುಗೆ ಮಾತ್ರವಲ್ಲ, ಅಧಿಕಾರದ ಹಂಚಿಕೆಯೂ ಅಹುದು ಎಂಬ ಮಾತಿಗೆ ಈ ಇಬ್ಬರ ಜೀವನಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು.

೬

ಚೆನ್ನಮ್ಮನ ಕೊನೆಯ ವರ್ಷಗಳನ್ನು ತಿಳಿಯಬೇಕಾದರೆ ಆ ನಾಡು ಸಾವನ್ನು ಹೇಗೆ ಕಾಣುತ್ತಿತ್ತೆಂಬುದನ್ನು ತಿಳಿಯಬೇಕು. ಶಾಸನಗಳಲ್ಲಿ ತೊರಗಲೆ ಆರುಸಾವಿರ, ಕೂಂಡಿ ಮೂರುಸಾವಿರ ಎಂಬ ಹೆಸರುಗಳಿಂದ ಕಾಣಿಸಿಕೊಳ್ಳುವ ಈ ಭಾಗದಲ್ಲಿ ಮರಣದ ಕುರಿತು ಒಂದಕ್ಕಿಂತ ಹೆಚ್ಚು ಪರಂಪರೆಗಳು ಒಟ್ಟಿಗೆ ಬಾಳಿವೆ. ಸುಗಂಧವರ್ತಿ ಎಂದರೆ ಇಂದಿನ ಸವದತ್ತಿಯಿಂದ ಆಳಿದ ರಟ್ಟರು ಜೈನಧರ್ಮಕ್ಕೆ ಆಶ್ರಯವಿತ್ತವರು. ಆಹಾರವನ್ನು ಕ್ರಮವಾಗಿ ತ್ಯಜಿಸಿ ಎಚ್ಚರದಿಂದ ದೇಹವನ್ನು ಬಿಡುವ ಸಲ್ಲೇಖನವನ್ನು ಜೈನರು ಆದರ್ಶವೆಂದು ಬಗೆದರು. ವೀರಗಲ್ಲುಗಳದು ಇನ್ನೊಂದು ದೃಷ್ಟಿ: ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ, ನಡುವೆ ಸುರಾಂಗನೆಯರು ವೀರನನ್ನು ಒಯ್ಯುವ ನೋಟ, ಮೇಲೆ ಶಿವಸನ್ನಿಧಿ.

ವೀರಶೈವರ ದೃಷ್ಟಿಯು ಮೂರನೆಯದು. ಮಡಿದವನನ್ನು ಸತ್ತನೆನ್ನದೆ ಲಿಂಗೈಕ್ಯನಾದನೆನ್ನುತ್ತಾರೆ. ದೇಹವನ್ನು ಕುಳಿತ ಭಂಗಿಯಲ್ಲಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು, ವಿಭೂತಿಯೊಡನೆ ಸಮಾಧಿ ಮಾಡುತ್ತಾರೆ. ಮರಣದ ಸೂತಕವನ್ನು ತತ್ತ್ವತಃ ಒಪ್ಪುವುದಿಲ್ಲ. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಷಟ್‌ಸ್ಥಲಗಳನ್ನು ಎರಿಕ್‌ಸನ್ನನ ಹಂತಗಳಿಗೆ ಹೋಲಿಸುವ ಮೋಹ ಯಾರಿಗಾದರೂ ಉಂಟಾಗಬಹುದು. ಆದರೆ ಷಟ್‌ಸ್ಥಲವು ಸಾಧನೆಯ ಮೆಟ್ಟಿಲು, ವಯಸ್ಸಿನ ಮೆಟ್ಟಿಲಲ್ಲ. ಹೋಲಿಕೆಯು ಒಂದೇ ಅಂಶದಲ್ಲಿ ನಿಲ್ಲುತ್ತದೆ: ಎರಡರಲ್ಲಿಯೂ ಕೊನೆಯೆಂಬುದು ಕುಸಿತವಾಗಿರದೆ ಪೂರ್ಣತೆಯಾಗಿರಬೇಕೆಂಬ ಆಶಯವಿದೆ.

ನಾಲ್ಕನೆಯದು ಸವದತ್ತಿಯ ಯಲ್ಲಮ್ಮನ ಗುಡ್ಡದ ಜನಪದ ಆಚರಣೆ. ಜಮದಗ್ನಿಯ ಮರಣದ ನೆನಪಿನಲ್ಲಿ ಮಾರ್ಗಶಿರದ ಹುಣ್ಣಿವೆಯಂದು ದೇವಿಯ ಬಳೆಗಳನ್ನು ಒಡೆಯಲಾಗುತ್ತದೆ. ಅದನ್ನು ಜನರು ರಂಡೆ ಹುಣ್ಣಿವೆಯೆಂದು ಕರೆಯುತ್ತಾರೆ. ಮಾಘದಲ್ಲಿ ಬರುವ ಭಾರತ ಹುಣ್ಣಿವೆಯು ಮುತ್ತೈದೆ ಹುಣ್ಣಿವೆ. ಅಂದು ದೇವಿಗೆ ಮತ್ತೆ ಬಳೆ ತೊಡಿಸಲಾಗುತ್ತದೆ. ಈ ಕ್ಷೇತ್ರಕ್ಕೆ ಅಂಟಿಕೊಂಡಿದ್ದ ದೇವದಾಸಿ ಪದ್ಧತಿಯು ಅನೇಕ ಬಡ ಹೆಣ್ಣುಮಕ್ಕಳ ಬಾಳನ್ನು ಕೆಡಿಸಿತು, ೧೯೮೨ರ ಕಾಯಿದೆಯು ಅದನ್ನು ನಿಷೇಧಿಸಿತು ಎಂಬುದನ್ನು ಮರೆಯಲಾಗದು. ಆದರೆ ಆಚರಣೆಯ ಕಾಲಗಣನೆಯು ವಿಚಾರಣೀಯವಾಗಿದೆ. ದೇವಿಯೂ ವಿಧವೆಯಾಗುತ್ತಾಳೆ, ಆಕೆಯ ದುಃಖಕ್ಕೂ ಒಂದು ಅವಧಿಯಿದೆ, ಎರಡು ತಿಂಗಳಿಗೆ ಅದು ಮುಗಿದು ಬಾಳು ಮರಳುತ್ತದೆ. ವರ್ಷ ವರ್ಷವೂ ಲಕ್ಷಾಂತರ ಜನ ಗುಡ್ಡ ಹತ್ತಿ ಈ ದುಃಖವನ್ನೂ ಈ ಮರಳುವಿಕೆಯನ್ನೂ ಸಾಮೂಹಿಕವಾಗಿ ಅನುಭವಿಸುತ್ತಾರೆ. ಮನುಷ್ಯ ವಿಧವೆಗಾದರೋ ಹಲವು ಜಾತಿಗಳಲ್ಲಿ ಈ ಎರಡನೆಯ ಹುಣ್ಣಿವೆ ಬರುತ್ತಿರಲಿಲ್ಲ. ದೇವಿಗೆ ಕೊಟ್ಟುದನ್ನು ಸಮಾಜವು ಹೆಣ್ಣಿಗೆ ಕೊಡಲಿಲ್ಲವೆಂಬ ವಿಷಾದವೂ ಇಲ್ಲಿದೆ.

೭

೧೮೨೪ರ ಡಿಸೆಂಬರದ ಮೊದಲ ವಾರದಲ್ಲಿ ಕಿತ್ತೂರ ಕೋಟೆ ಬಿದ್ದಿತು. ಸೊಲ್ಲಾಪುರದ ಸಬ್ ಕಲೆಕ್ಟರನೂ ಸರ್ ಥಾಮಸ್ ಮನ್ರೋನ ಬಂಧುವೂ ಆಗಿದ್ದ ತರುಣ ಮನ್ರೋ ಆ ಮುತ್ತಿಗೆಯಲ್ಲಿ ಮಡಿದನು. ಚೆನ್ನಮ್ಮನನ್ನೂ ಸೊಸೆಯಂದಿರಾದ ವೀರವ್ವ ಹಾಗೂ ಜಾನಕಿಬಾಯಿಯರನ್ನೂ ಕೆಲವೇ ಹರದಾರಿ ದೂರದ ಬೈಲಹೊಂಗಲದ ಕೋಟೆಗೆ ಒಯ್ದು ಕಾವಲಲ್ಲಿ ಇಡಲಾಯಿತು. ೧೮೨೯ರ ಫೆಬ್ರವರಿಯಲ್ಲಿ ಚೆನ್ನಮ್ಮನು ಅಲ್ಲಿಯೇ ಲಿಂಗೈಕ್ಯಳಾದಳು.

ಎಲಿಜಬೆತ್ ಕ್ಯೂಬ್ಲರ್ ರಾಸ್ ಎಂಬ ವೈದ್ಯೆಯು ೧೯೬೯ರಲ್ಲಿ, ಸಾವನ್ನು ಎದುರಿಸುವವರು ನಿರಾಕರಣೆ, ಕೋಪ, ಚೌಕಾಶಿ, ಖಿನ್ನತೆ, ಸ್ವೀಕಾರ ಎಂಬ ಐದು ಅವಸ್ಥೆಗಳನ್ನು ಹಾಯುತ್ತಾರೆಂದು ಹೇಳಿದಳು. ಪ್ರತಿಯೊಬ್ಬರೂ ಇದೇ ಕ್ರಮದಲ್ಲಿ ಸಾಗುತ್ತಾರೆಂಬುದನ್ನು ಅನಂತರದ ಸಂಶೋಧನೆಗಳು ಸಮರ್ಥಿಸಿಲ್ಲ. ಬೈಲಹೊಂಗಲದ ನಾಲ್ಕು ವರ್ಷಗಳನ್ನು ಈ ಐದು ಖಾನೆಗಳಲ್ಲಿ ತುಂಬಿಸಿ ಇದು ಕೋಪ, ಇದು ಸ್ವೀಕಾರ ಎಂದು ವಿಂಗಡಿಸಿದರೆ ಅದು ಇತಿಹಾಸವಾಗದು. ಆಕೆಯು ಇಷ್ಟಲಿಂಗಪೂಜೆಯಲ್ಲಿಯೂ ಪುರಾಣಶ್ರವಣದಲ್ಲಿಯೂ ಕಾಲ ಕಳೆಯುತ್ತಿದ್ದಳೆಂದು ಜನರ ಹೇಳಿಕೆ. ಸಂಗೊಳ್ಳಿ ರಾಯಣ್ಣನು ವೇಷ ಮರೆಸಿಕೊಂಡು ಬಂದು ಕಾಣುತ್ತಿದ್ದನೆಂದೂ ಹೇಳಿಕೆಯುಂಟು. ಮೊದಲನೆಯದು ಲೋಕವನ್ನು ಬಿಟ್ಟ ಚೆನ್ನಮ್ಮನ ಚಿತ್ರ. ಎರಡನೆಯದು ಲೋಕದ ಹೊಣೆಯನ್ನು ಬಿಡದ ಚೆನ್ನಮ್ಮನ ಚಿತ್ರ. ಜನಪದವು ಎರಡನ್ನೂ ಒಟ್ಟಿಗೆ ಇಟ್ಟುಕೊಂಡಿದೆ, ಅವುಗಳಲ್ಲಿ ವಿರೋಧವನ್ನು ಕಂಡಿಲ್ಲ. ವಯಸ್ಸಾದ ಮನಸ್ಸಿನ ವಿಷಯದಲ್ಲಿ ಜನಪದವು ನಮ್ಮ ಪಠ್ಯಪುಸ್ತಕಗಳಿಗಿಂತ ಹೆಚ್ಚು ತಿಳಿವಳಿಕೆಯುಳ್ಳದ್ದಾಗಿದೆಯೆಂದರೆ ತಪ್ಪಾಗದು.

ದಾಖಲೆಗಳಿಂದ ದೃಢವಾಗುವುದು ಇಷ್ಟು: ಆಕೆ ಸೆರೆಯಲ್ಲಿ ಒಂಟಿಯಾಗಿರಲಿಲ್ಲ. ಮೂವರು ವಿಧವೆಯರು ಒಂದೇ ಗೋಡೆಯೊಳಗೆ ಇದ್ದರು. ಅವರಲ್ಲಿ ಹಿರಿಯಳು ಚೆನ್ನಮ್ಮ. ಕಿತ್ತೂರಿನಲ್ಲಿ ಸಂಸ್ಥಾನಕ್ಕೆ ತಾಯಿಯಾಗಿದ್ದವಳಿಗೆ ಇಲ್ಲಿ ಉಳಿದುದು ಎರಡು ಎಳೆಯ ಜೀವಗಳ ಹಿರಿತನ. ಹೊಣೆಯು ಕಿರಿದಾಯಿತು, ಇಲ್ಲವಾಗಲಿಲ್ಲ. ಚೆನ್ನಮ್ಮನ ಕಾಲಾನಂತರ ವೀರವ್ವನನ್ನು ಧಾರವಾಡಕ್ಕೆ ಸಾಗಿಸಿದರು, ಅವಳು ೧೮೩೦ರಲ್ಲಿ ಅಲ್ಲಿ ತೀರಿಕೊಂಡಳು.

೮

ಸತ್ತವರೊಡನೆ ಬದುಕಿದವರ ಸಂಬಂಧವು ಕಡಿದುಹೋಗಬೇಕು, ಆಗಲೇ ಶೋಕವು ಮುಗಿಯುವುದು ಎಂಬ ಭಾವನೆಯು ಫ್ರಾಯ್ಡನ ೧೯೧೭ರ ಪ್ರಬಂಧದಿಂದ ಬಹುಕಾಲ ಪ್ರಚಲಿತವಾಗಿತ್ತು. ಇತ್ತೀಚಿನ ವಿದ್ವಾಂಸರು, ಮುಖ್ಯವಾಗಿ ೧೯೯೬ರ ತರುವಾಯ, ಸಂಬಂಧವು ಕಡಿಯುವುದಿಲ್ಲ, ರೂಪಾಂತರ ಹೊಂದಿ ಮುಂದುವರಿಯುತ್ತದೆಂದು ಪ್ರತಿಪಾದಿಸಿದ್ದಾರೆ. ನಮ್ಮ ನಾಡಿಗೆ ಇದು ಹೊಸ ಮಾತಲ್ಲ. ಚೆನ್ನಮ್ಮನ ಮರಣದ ಕೆಲವೇ ತಿಂಗಳುಗಳಲ್ಲಿ ರಾಯಣ್ಣನು ಅದೇ ದತ್ತಕಪುತ್ರ ಶಿವಲಿಂಗಪ್ಪನ ಹೆಸರಿನಲ್ಲಿ ದಂಗೆಯೆದ್ದನು. ೧೮೩೧ರ ಜನವರಿಯಲ್ಲಿ ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳ ಫಲವನ್ನು ಬೇಡುವ ಹೆಂಗಸರು ಇಂದಿಗೂ ತೊಟ್ಟಿಲುಗಳನ್ನು ಕಟ್ಟುತ್ತಾರೆ. ಅವನನ್ನು ಕುರಿತ ಲಾವಣಿಯನ್ನು ಇಂಗ್ಲಿಷ್ ಅಧಿಕಾರಿಯಾದ ಫ್ಲೀಟನೇ ಸಂಗ್ರಹಿಸಿ ೧೮೮೫ರಲ್ಲಿ ಅಚ್ಚುಹಾಕಿಸಿದನು. ಗಲ್ಲಿನ ನೆನಪು ತೊಟ್ಟಿಲಿನ ಹರಕೆಯಾದುದನ್ನು ನೋಡಿದರೆ, ಮರಣವನ್ನು ಮುಂದಿನ ಪೀಳಿಗೆಯ ಪೋಷಣೆಯನ್ನಾಗಿ ಮಾರ್ಪಡಿಸುವ ಚೆನ್ನಮ್ಮನ ದತ್ತಕದ ತರ್ಕವೇ ಜನಮನದಲ್ಲಿ ಬೇರೊಂದು ರೂಪದಿಂದ ಮುಂದುವರಿದಿದೆಯೆನ್ನಬೇಕಾಗುತ್ತದೆ.

ಈ ವಿವೇಚನೆಯಿಂದ ಎರಡು ಅಂಶಗಳು ಹೊರಬೀಳುತ್ತವೆ. ಮೊದಲನೆಯದು, ೧೮೨೪ರ ಪ್ರತಿಭಟನೆಯು ತಾರುಣ್ಯದ ಸಾಹಸವಲ್ಲ. ಅದು ನಷ್ಟಗಳಿಂದ ಪಕ್ವವಾದ ನಡುವಯಸ್ಸಿನ ಕರ್ತವ್ಯಬುದ್ಧಿ. ಎರಡನೆಯದು, ಬೈಲಹೊಂಗಲದ ವರ್ಷಗಳು ಚರಿತ್ರೆಯ ಅನುಬಂಧವಲ್ಲ. ಕುದುರೆಯ ಮೇಲಿನ ಒಂದು ದಿನವನ್ನು ಸ್ಮರಿಸಿ, ಗೋಡೆಯೊಳಗಿನ ನಾಲ್ಕು ವರ್ಷಗಳನ್ನು ಮರೆಯುವ ಇತಿಹಾಸವು ಮನುಷ್ಯಜೀವನದ ಉತ್ತರಾರ್ಧವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳದ ಇತಿಹಾಸ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ವಿನಂತಿಯಿದೆ. ತಮ್ಮ ವಿದ್ಯಾರ್ಥಿಗಳು ತಮ್ಮ ಮನೆಗಳ ಹಿರಿಯರನ್ನು ಕೇಳಿ, ಸಮಾಧಿಯ ಸಂಸ್ಕಾರಗಳು, ಹುಣ್ಣಿವೆಯ ಆಚರಣೆಗಳು, ಗೀಗೀ ಪದಗಳು, ವಿಧವೆಯರ ಬಾಳಿನ ನೆನಪುಗಳು ಇವನ್ನು ಬರೆದಿಡುವಂತೆ ಮಾಡಬೇಕು. ಹೇಳುವವರ ವಯಸ್ಸನ್ನೂ ತಪ್ಪದೆ ಬರೆಸಬೇಕು. ಒಮ್ಮೆ ಬೈಲಹೊಂಗಲದ ಸಮಾಧಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದಾಗ, ಅವರಲ್ಲೊಬ್ಬಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮವ್ವನ ವಯಸ್ಸು” ಎಂದಳು. ಈ ಲೇಖಕನು ಪಾಠದಲ್ಲಿ ಹೇಳಬೇಕೆಂದಿದ್ದುದು ಅಷ್ಟೇ ಆಗಿದ್ದಿತು.